ಪಂದ್ಯದಲ್ಲಿ ಉಳಿದ ಹೋತ್ ಬಂದರಿನ ಮರದ ಹಾಯಿದೋಣಿಗಳು

ಮಾನ್ಯ ಸಂಪಾದಕರಿಗೆ,

ನಮ್ಮ ಕರಾವಳಿಯ ಮರದ ದೋಣಿಗಳು ಕಣ್ಮರೆಯಾಗುತ್ತಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಲೇಖಕರ ಕಳಕಳಿಗೆ ನನ್ನ ಸಹಮತವಿದೆ. ಆದರೆ ಅವರು ಅಲ್ಲಿ ಆಡಿರುವ ಎರಡು ಮಾತುಗಳ ಬಗ್ಗೆ ನನಗೆ ತಕರಾರಿದೆ. ಅಳಿದುಳಿದ ದೋಣಿಗಳನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದು ಒಂದು. ಐರ್ಲೆಂಡ್‌ನಂಥ ದೇಶಗಳಲ್ಲಿ ನೂರು ವರ್ಷ ದಾಟಿದ ಹಾಯಿದೋಣಿಗಳು ಇನ್ನೂ ತೇಲುತ್ತಿರುವುದಕ್ಕೆ ಅಲ್ಲಿನ ಸಿರಿವಂತರ ಶೋಕಿಯೇ ಕಾರಣ ಎಂಬುದು ಇನ್ನೊಂದು. ನಾನು ಕುಂದಾಪುರದ ಕಡೆಯವನು. ಉದ್ಯೋಗದ ನಿಮಿತ್ತ ಡಬ್ಲಿನ್‌ನಲ್ಲಿ ನೆಲೆಸಿದ್ದೇನೆ. ಲೇಖನದಲ್ಲಿ ಒಂದೇ ಸಾಲಿನಲ್ಲಿ ಪ್ರಸ್ತಾಪವಾಗಿರುವ ‘ಹೋತ್ ಸೆವೆಂಟೀನ್’ ಎಂಬ ದೋಣಿಗಳನ್ನು ಬೇಸಿಗೆಯ ಸಂಜೆಗಳಲ್ಲಿ ಹತ್ತಿರದಿಂದ ನೋಡುತ್ತಾ ಬಂದವನಾದ್ದರಿಂದ, ಅವುಗಳ ಇತಿಹಾಸವನ್ನು ತುಸು ವಿಸ್ತಾರವಾಗಿಯೇ ತಮ್ಮ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ.

ಹೋತ್ ಎಂಬುದು ಡಬ್ಲಿನ್ ನಗರದ ಈಶಾನ್ಯಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಒಂದು ಗುಡ್ಡದ ಭೂಶಿರ. ಅದರ ಉತ್ತರದ ಮಗ್ಗುಲಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಲಿನಿಂದ ಕಟ್ಟಿದ ಬಂದರಿದೆ. ಇಂಗ್ಲೆಂಡ್‌ನಿಂದ ಅಂಚೆ ತರುವ ಹಡಗುಗಳಿಗಾಗಿ ಕಟ್ಟಿದ ಬಂದರು ಅದು. ಆದರೆ ಹೂಳು ತುಂಬುವ ಜಾಗವನ್ನೇ ಆರಿಸಿಕೊಂಡಿದ್ದರಿಂದ ಕೆಲವೇ ವರ್ಷಗಳಲ್ಲಿ ಅಂಚೆ ಹಡಗುಗಳು ಡಬ್ಲಿನ್ ಕೊಲ್ಲಿಯ ದಕ್ಷಿಣ ದಡದ ಡನ್ ಲಿಯರಿಗೆ ಹೋದವು. (ಬ್ರಿಟಿಷರ ಕಾಲದಲ್ಲಿ, 1821ರಿಂದ 1920ರವರೆಗೆ, ಆ ಊರಿಗೆ ಕಿಂಗ್ಸ್‌ಟೌನ್ ಎಂಬ ಹೆಸರಿತ್ತು.) ಹೋತ್‌ಗೆ ಉಳಿದದ್ದು ಮೀನುಗಾರಿಕೆ, ಆಮೇಲೆ ಬಂದದ್ದು ಹಾಯಿದೋಣಿಯ ವಿಹಾರ. ಇಂದಿಗೂ ನಗರದ ಲೋಕಲ್ ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಒಂದು ಕಡೆ ಮೀನಿನ ಅಂಗಡಿಗಳು, ಇನ್ನೊಂದು ಕಡೆ ದೋಣಿಗಳ ಕೂವೆಮರಗಳ ಸಾಲು ಕಾಣಿಸುತ್ತವೆ.

ಈ ದೋಣಿಗಳು ಹುಟ್ಟಿದ ಸಂದರ್ಭವನ್ನು ತಿಳಿಯದಿದ್ದರೆ ಅವು ಉಳಿದ ಕಾರಣವೂ ತಿಳಿಯುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ನ ಹಾಯಿ ಪಂದ್ಯಗಳಲ್ಲಿ ಒಂದೊಂದು ದೋಣಿಯೂ ಒಂದೊಂದು ಅಳತೆಯದ್ದಾಗಿರುತ್ತಿತ್ತು. ಅವುಗಳ ಉದ್ದ ಮತ್ತು ಹಾಯಿಯ ವಿಸ್ತೀರ್ಣವನ್ನು ಒಂದು ಸೂತ್ರಕ್ಕೆ ಅಳವಡಿಸಿ, ಬಂದ ಅಂಕದ ಪ್ರಕಾರ ದೊಡ್ಡ ದೋಣಿಯು ಚಿಕ್ಕ ದೋಣಿಗೆ ಇಂತಿಷ್ಟು ಸಮಯದ ರಿಯಾಯಿತಿ ಕೊಡಬೇಕೆಂದು ಗೊತ್ತುಮಾಡುತ್ತಿದ್ದರು. ಸೂತ್ರವಿದ್ದ ಮೇಲೆ ಅದರ ಸಂದಿಯಲ್ಲಿ ನುಸುಳುವ ಜಾಣರೂ ಇರುತ್ತಾರಲ್ಲ! ಪ್ರತಿ ವರ್ಷವೂ ಯಾರಾದರೊಬ್ಬ ಹಣವಂತ ಹೊಸ ವಿನ್ಯಾಸಕಾರನನ್ನು ಹಿಡಿದು, ಹಿಂದಿನ ವರ್ಷದ ಗೆದ್ದ ದೋಣಿಗಿಂತ ಹಗುರವಾದ, ತೆಳ್ಳಗಿನ ಹಲಗೆಯ, ದೊಡ್ಡ ಹಾಯಿಯ ಹೊಸ ದೋಣಿಯನ್ನು ಕಟ್ಟಿಸಿಕೊಂಡು ಬರುತ್ತಿದ್ದ. ಹಳೆಯದು ಮೂಲೆ ಸೇರುತ್ತಿತ್ತು. ಎರಡು ಮೂರು ಋತುಗಳಿಗಷ್ಟೇ ಬಾಳಿಕೆ ಬರುವಂತೆ ಕಟ್ಟಿದ ಅಂಥ ದೋಣಿಗಳಲ್ಲಿ ಹೆಚ್ಚಿನವು ಇಂದು ಹೆಸರಿಗೂ ಸಿಗುವುದಿಲ್ಲ. ನಿಮ್ಮ ಲೇಖಕರು ಹೇಳುವಂತೆ ಹಣವೇ ದೋಣಿಗಳನ್ನು ಉಳಿಸುವುದಾಗಿದ್ದರೆ ಮೊದಲು ಉಳಿಯಬೇಕಾಗಿದ್ದದ್ದು ಅವು.

ಈ ಪೈಪೋಟಿಗೆ ಮದ್ದು ಕಂಡುಹಿಡಿದದ್ದು ಡಬ್ಲಿನ್ ಕೊಲ್ಲಿಯಲ್ಲೇ. 1886ರಲ್ಲಿ ಕೊಲ್ಲಿಯ ದಕ್ಷಿಣಕ್ಕಿರುವ ಶಾಂಕಿಲ್‌ನ ಸಣ್ಣದೊಂದು ದೋಣಿ ಕ್ಲಬ್ಬಿನ ಥಾಮಸ್ ಮಿಡಲ್ಟನ್ ಎಂಬವರು, ಎಲ್ಲರೂ ಒಂದೇ ನಕ್ಷೆಯ, ಒಂದೇ ಅಳತೆಯ, ಒಂದೇ ಹಾಯಿಯ ದೋಣಿಗಳನ್ನು ಕಟ್ಟಿಸಿಕೊಂಡರೆ ಪಂದ್ಯವು ಹಣದ್ದಾಗದೆ ಕೈಚಳಕದ್ದಾಗುತ್ತದೆ ಎಂದು ಸೂಚಿಸಿದರು. ಮರುವರ್ಷ, 1887ರಲ್ಲಿ, ‘ವಾಟರ್ ವ್ಯಾಗ್’ ಎಂಬ ಹೆಸರಿನ ಹದಿಮೂರು ಅಡಿಯ ಪುಟ್ಟ ದೋಣಿಗಳು ನೀರಿಗಿಳಿದವು. ಮುಂದೆ ಜಗತ್ತಿನಾದ್ಯಂತ ‘ಒನ್ ಡಿಸೈನ್’ ಎಂದು ಹೆಸರಾದ ಪದ್ಧತಿಗೆ ನಾಂದಿ ಹಾಡಿದ್ದು ಈ ಪುಟ್ಟ ದೋಣಿ. ಇಂದು ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಸ್ಪರ್ಧಿಗಳು ಓಡಿಸುವ ದೋಣಿಗಳೂ ಇದೇ ಪದ್ಧತಿಯವು. ಇನ್ನೊಂದು ಮಾತನ್ನು ಇಲ್ಲಿ ಬಿಡಲಾಗದು: 1900ರಲ್ಲಿ ವಾಟರ್ ವ್ಯಾಗ್‌ನ ನಕ್ಷೆಯನ್ನು ಹೊಸದಾಗಿ, ಹದಿನಾಲ್ಕು ಅಡಿ ಮೂರು ಅಂಗುಲಕ್ಕೆ ಹೆಚ್ಚಿಸಿ ಬರೆದವರು ಕಿಂಗ್ಸ್‌ಟೌನ್‌ನ ದೋಣಿ ಕಟ್ಟುವ ಮೇಸ್ತ್ರಿ ಡಾಯ್ಲ್ ಅವರ ಮಗಳು ಮೇಮಿ ಡಾಯ್ಲ್. ಹೆಣ್ಣುಮಕ್ಕಳು ಹಡಗು ವಿನ್ಯಾಸದ ಕೋಣೆಯೊಳಗೆ ಕಾಲಿಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಆಕೆ ಎಳೆದ ಆ ಗೆರೆಗಳ ಮೇಲೆಯೇ ಇಂದಿಗೂ ಹೊಸ ವಾಟರ್ ವ್ಯಾಗ್‌ಗಳು ತಯಾರಾಗುತ್ತಿವೆ.

ಹೋತ್‌ನಲ್ಲಿ ಹಾಯಿದೋಣಿಯವರ ಕ್ಲಬ್ ಹುಟ್ಟಿದ್ದು 1895ರಲ್ಲಿ. ಅದರ ಸ್ಥಾಪಕರ ಬಳಗದಲ್ಲಿದ್ದ ವಾಲ್ಟರ್ ಹರ್ಬರ್ಟ್ ಬಾಯ್ಡ್ ವೃತ್ತಿಯಿಂದ ವಕೀಲರು, ನ್ಯಾಯಾಧೀಶರೊಬ್ಬರ ಮಗ. ದೋಣಿ ವಿನ್ಯಾಸ ಅವರ ಹವ್ಯಾಸ. 1897ರಲ್ಲಿ ಅವರು ಸ್ಥಳೀಯ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ನಕ್ಷೆ ಬರೆದರು. ಹೋತ್ ಬಂದರಿನಲ್ಲಿ ನೀರು ಆಳವಿಲ್ಲ. ಬಂದರಿನ ಬಾಯಿ ದಾಟಿದ ಕೂಡಲೇ ಐರ್ಲೆಂಡ್ಸ್ ಐ ಎಂಬ ಬಂಡೆದ್ವೀಪದ ಸುತ್ತ ಉಬ್ಬರ-ಇಳಿತದ ಸೆಳೆತವಿದೆ. ಅದರಾಚೆ ಐರಿಷ್ ಸಮುದ್ರದ ಮೊಂಡು ಅಲೆಗಳಿವೆ. ಆದ್ದರಿಂದ ದೋಣಿ ಚಿಕ್ಕದಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು. ಒಟ್ಟು ಉದ್ದ ಇಪ್ಪತ್ತೆರಡೂವರೆ ಅಡಿ, ನೀರಿನ ಮಟ್ಟದಲ್ಲಿ ಹದಿನೇಳು ಅಡಿ. ಈ ಹದಿನೇಳೇ ಮುಂದೆ ಹೆಸರಿನಲ್ಲಿ ಸೇರಿಕೊಂಡಿತು. ಹಾಯಿಯ ವಿಸ್ತೀರ್ಣ ಸುಮಾರು 305 ಚದರ ಅಡಿ. ಇಷ್ಟು ಪುಟ್ಟ ದೋಣಿಗೆ ಇದು ಧಾರಾಳವಾದ ಹಾಯಿಯೇ. ಅದನ್ನು ಎದುರಿಸಿ ನಿಲ್ಲಲು ಒಡಲಿನ ಅಡಿಯಲ್ಲಿ ಲೋಹದ ಭಾರ. ಮೇಲೆ ಅರ್ಧ ಮುಚ್ಚಿಗೆ, ಒಳಗೆ ಮೂವರು ಕೂರುವಷ್ಟು ಜಾಗ. ಮಲಗಲು ಗೂಡಿಲ್ಲ, ಅಡುಗೆಗೆ ಒಲೆಯಿಲ್ಲ.

ದೋಣಿಗಳನ್ನು ಕಟ್ಟುವ ಕೆಲಸ ಸಿಕ್ಕಿದ್ದು ಬೆಲ್‌ಫಾಸ್ಟ್ ಕೊಲ್ಲಿಯ ದಡದ ಕ್ಯಾರಿಕ್‌ಫರ್ಗಸ್‌ನಲ್ಲಿದ್ದ ಜಾನ್ ಹಿಲ್ಡಿಚ್ ಅವರಿಗೆ. ಆತ ಹಿಂದಿನ ವರ್ಷವಷ್ಟೇ ಸ್ಕಾಟ್ಲೆಂಡ್‌ನ ಪ್ರಖ್ಯಾತ ವಿನ್ಯಾಸಕಾರ ವಿಲಿಯಂ ಫೈಫ್ ಅವರ ನಕ್ಷೆಯ ಮೇಲೆ ಬೆಲ್‌ಫಾಸ್ಟ್‌ನವರಿಗೆ ಒಂದೇ ಅಚ್ಚಿನ ದೋಣಿಗಳ ಗುಂಪನ್ನು ಕಟ್ಟಿಕೊಟ್ಟು ಕೈ ಕುದುರಿಸಿಕೊಂಡಿದ್ದ. ಒಂದೇ ನಕ್ಷೆಯನ್ನು ಇಟ್ಟುಕೊಂಡು ಒಂದರ ಹಿಂದೊಂದು ಕಟ್ಟಿದರೆ ಖರ್ಚು ಇಳಿಯುತ್ತದೆ ಎಂಬ ಲೆಕ್ಕಾಚಾರ ಅವನಿಗೂ ಹಿಡಿಸಿತ್ತೆಂದು ಕಾಣುತ್ತದೆ. ಚಳಿಗಾಲ ಕಳೆಯುವುದರೊಳಗೆ ರೀಟಾ, ಲೈಲಾ, ಸಿಲ್ವರ್ ಮೂನ್, ಔರಾ, ಹೇರಾ ಎಂಬ ಐದು ದೋಣಿಗಳು ಸಿದ್ಧವಾದವು. 1898ರ ಏಪ್ರಿಲ್‌ನಲ್ಲಿ ಅವುಗಳ ಮಾಲೀಕರು ಕ್ಯಾರಿಕ್‌ಫರ್ಗಸ್‌ಗೆ ಹೋಗಿ, ಹೊಸ ದೋಣಿಗಳ ಹಾಯಿ ಬಿಚ್ಚಿ, ತೊಂಬತ್ತು ನಾಟಿಕಲ್ ಮೈಲಿ, ಎಂದರೆ ಸುಮಾರು 165 ಕಿಲೋಮೀಟರ್, ತೆರೆದ ಸಮುದ್ರದಲ್ಲಿ ಹಾಯಿಸಿಕೊಂಡೇ ಹೋತ್‌ಗೆ ತಂದರು. ಎಂಜಿನ್ ಇಲ್ಲದ, ಗೂಡಿಲ್ಲದ ದೋಣಿಯಲ್ಲಿ, ಆ ಅಕ್ಷಾಂಶದ ಏಪ್ರಿಲ್ ತಿಂಗಳ ಚಳಿಯಲ್ಲಿ! ಮೇ 4ರಂದು ಮೊದಲ ಪಂದ್ಯ ನಡೆಯಿತು. ಶತಮಾನೋತ್ಸವದ 1998ರಲ್ಲಿ ಈಗಿನವರು ಅದೇ ದಾರಿಯನ್ನು ಮತ್ತೆ ಕ್ರಮಿಸಿದರು. ಮೊದಲ ಐದರ ಹೆಸರುಗಳು ಪಂದ್ಯದ ಪಟ್ಟಿಯಲ್ಲಿ ಇಂದಿಗೂ ಕಾಣಸಿಗುತ್ತವೆ. ಎಲ್ಲ ಸೇರಿ ಈಗ ಇಪ್ಪತ್ತರ ಆಸುಪಾಸಿನಲ್ಲಿರುವ ಈ ದೋಣಿಗಳನ್ನು, ಮೂಲ ಹಾಯಿಯ ರೀತಿಯಲ್ಲೇ ಪಂದ್ಯ ನಡೆಸುತ್ತಿರುವ ಒಂದೇ ವಿನ್ಯಾಸದ ಕೀಲ್ ದೋಣಿಗಳಲ್ಲಿ (ಎಂದರೆ ಒಡಲಿನ ಅಡಿಯಲ್ಲಿ ಭಾರ ಕಟ್ಟಿದ ದೋಣಿಗಳಲ್ಲಿ) ಜಗತ್ತಿನಲ್ಲೇ ಅತ್ಯಂತ ಹಳೆಯವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಮೂಲ ಹಾಯಿಯ ರೀತಿ ಎಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಇಂದಿನ ಹಾಯಿದೋಣಿಗಳಲ್ಲಿ ಒಂದೇ ಎತ್ತರದ ಕೂವೆ, ಅದರ ತುದಿಯವರೆಗೆ ಏರುವ ತ್ರಿಕೋನದ ಹಾಯಿ. ಹೋತ್‌ನ ದೋಣಿಗಳಲ್ಲಿ ಕೂವೆ ಗಿಡ್ಡ. ಮುಖ್ಯ ಹಾಯಿ ನಾಲ್ಕು ಮೂಲೆಯದು. ಅದರ ಮೇಲಂಚನ್ನು ಓರೆಯಾಗಿ ನಿಲ್ಲುವ ಇನ್ನೊಂದು ಮರ ಎತ್ತಿ ಹಿಡಿಯುತ್ತದೆ. ಮುಂದುಗಡೆ ಒಂದು ಪುಟ್ಟ ತ್ರಿಕೋನ ಹಾಯಿ. ಇವೆರಡರ ಮೇಲೆ, ಕೂವೆಯ ತುದಿಗಿಂತಲೂ ಎತ್ತರದಲ್ಲಿ, ಎರಡು ಸಪೂರ ಕೋಲುಗಳಿಗೆ ಕಟ್ಟಿದ ಮೂರನೆಯದೊಂದು ಹಾಯಿ ಏರುತ್ತದೆ. ಗಾಳಿ ಮಂದವಾಗಿರುವ ಸಂಜೆ ಇದನ್ನು ಏರಿಸುವುದನ್ನು ನೋಡಬೇಕು. ಮೂವರಲ್ಲಿ ಒಬ್ಬರು ಚುಕ್ಕಾಣಿ ಹಿಡಿದು ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಮೊಣಕಾಲೂರಿ ಎರಡು ಕೋಲುಗಳನ್ನೂ ಹಾಯಿಯನ್ನೂ ಒಟ್ಟಿಗೆ ಅವುಚಿ ಹಿಡಿದಿರುತ್ತಾರೆ. ಮೂರನೆಯವರು ಹಗ್ಗ ಎಳೆಯುತ್ತಿದ್ದಂತೆ ಆ ಇಡೀ ಸಿಂಬಿ ಮುಖ್ಯ ಹಾಯಿಯ ಸರಿಯಾದ ಮಗ್ಗುಲಿನಿಂದಲೇ ಮೇಲೇರಬೇಕು. ಒಂದು ಹಗ್ಗ ತಪ್ಪು ಕಡೆಯಿಂದ ಹಾದುಹೋಗಿದ್ದರೆ ಎಲ್ಲವನ್ನೂ ಇಳಿಸಿ ಮೊದಲಿನಿಂದ ಶುರುಮಾಡಬೇಕು, ಅಷ್ಟರಲ್ಲಿ ಉಳಿದವರು ಪಂದ್ಯದ ದಾರಿ ತೋರಿಸುವ ಮೊದಲ ತೇಲುಗುರುತನ್ನು (ಬೋಯಿ) ತಿರುಗಿರುತ್ತಾರೆ. ಗಾಳಿ ಜೋರಾದರೆ ಮೊದಲು ಇಳಿಸಬೇಕಾದ ಹಾಯಿಯೂ ಇದೇ. ಹಾಗೆಂದು, ಪಕ್ಕದ ದೋಣಿಯವನು ಇಳಿಸುವ ಮೊದಲು ತಾನು ಇಳಿಸಬಾರದೆಂಬ ಹಟ ಎಲ್ಲರಿಗೂ ಇರುತ್ತದೆ ಎಂಬುದನ್ನು ದಡದಲ್ಲಿ ನಿಂತವರೂ ಕಾಣಬಲ್ಲರು.

ಇಂಥ ತಾಪತ್ರಯದ ಹಾಯಿಯನ್ನು ನೂರಿಪ್ಪತ್ತು ವರ್ಷಗಳಿಂದ ಯಾಕೆ ಇಟ್ಟುಕೊಂಡಿದ್ದಾರೆ? ನನ್ನ ಇಡೀ ಪತ್ರ ಈ ಪ್ರಶ್ನೆಯ ಸುತ್ತಲೇ ಇದೆ. ದೋಣಿಯ ಮಾಲೀಕ ಒಬ್ಬನೇ ಆಗಿದ್ದರೆ ಅದನ್ನು ಅವನು ಯಾವತ್ತೋ ಬದಲಾಯಿಸುತ್ತಿದ್ದ. ಇಲ್ಲಿ ಹಾಗಾಗದಿರಲು ಕಾರಣ, ಒಂದೇ ವಿನ್ಯಾಸ ಎಂಬ ಕಟ್ಟುಪಾಡು. ಒಡಲಿನ ಆಕಾರ, ಹಾಯಿಯ ಅಳತೆ, ಕೂವೆಯ ಎತ್ತರ ಯಾವುದನ್ನೂ ಒಬ್ಬರೇ ತಮಗೆ ತೋಚಿದಂತೆ ತಿದ್ದುವಂತಿಲ್ಲ. ತಿದ್ದಿದರೆ ಪಂದ್ಯಕ್ಕೆ ಪ್ರವೇಶವಿಲ್ಲ. ಎಲ್ಲರೂ ಸೇರಿ ತೀರ್ಮಾನಿಸಿದರೆ ಮಾತ್ರ ಬದಲಾವಣೆ. ಹತ್ತಿ ಬಟ್ಟೆಯ ಹಾಯಿ ಹೋಗಿ ಕೃತಕ ನೂಲಿನ ಹಾಯಿ ಬಂದದ್ದು ಅಂಥ ಒಪ್ಪಿತ ಬದಲಾವಣೆಗಳಲ್ಲಿ ಒಂದು. ಆದರೆ ಆಕಾರಕ್ಕೆ ಯಾರೂ ಕೈಹಾಕಲಿಲ್ಲ. ಇದರಿಂದಾಗಿ 1898ರ ದೋಣಿಯೂ ಮೊನ್ನೆ ಮೊನ್ನೆ ಕಟ್ಟಿದ ದೋಣಿಯೂ ಒಂದೇ ಗೆರೆಯಿಂದ ಹೊರಟು ಸರಿಸಮವಾಗಿ ಸ್ಪರ್ಧಿಸುತ್ತವೆ. ಹಳೆಯದು ಗೆಲ್ಲುವ ಸಾಧ್ಯತೆ ಉಳಿದಿರುವವರೆಗೆ ಅದನ್ನು ರಿಪೇರಿ ಮಾಡುವ ಉತ್ಸಾಹವೂ ಉಳಿದಿರುತ್ತದೆ. ಭಾವುಕತೆಯಿಂದ ಒಂದು ದೋಣಿಯನ್ನು ಒಂದು ತಲೆಮಾರು ಉಳಿಸಿಕೊಳ್ಳಬಹುದು. ನಾಲ್ಕೈದು ತಲೆಮಾರುಗಳ ಕಾಲ ಒಂದು ಇಡೀ ಗುಂಪನ್ನು ಉಳಿಸಲು ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಈ ವಿನ್ಯಾಸ ಹೋತ್‌ನ ಗಡಿಯನ್ನು ದಾಟಿಯೂ ಹೋಗಿತ್ತು. 1907ರಲ್ಲಿ ಕೊಲ್ಲಿಯ ಆಚೆ ದಡದ ಡಬ್ಲಿನ್ ಬೇ ಸೇಲಿಂಗ್ ಕ್ಲಬ್ ಇದನ್ನು ಸ್ವೀಕರಿಸಿತು. ಆಮೇಲೆ ಬಹುಕಾಲ ಇವುಗಳಿಗೆ ‘ಡಬ್ಲಿನ್ ಬೇ ಸೆವೆಂಟೀನ್’ ಎಂಬ ಹೆಸರೇ ಚಾಲ್ತಿಯಲ್ಲಿತ್ತು. ಮುಂದೆ ಡನ್ ಲಿಯರಿಯಲ್ಲಿ ಹೊಸ ಬಗೆಯ ದೋಣಿಗಳ ಮೋಹ ಹೆಚ್ಚಿದಂತೆ, ಅಲ್ಲಿದ್ದ ಸೆವೆಂಟೀನ್‌ಗಳು ಒಂದೊಂದಾಗಿ ತವರಿಗೆ ಮರಳಿದವು. ಹೆಸರಿಗಾಗಿ ನಡೆದ ಈ ಜಗ್ಗಾಟದ ವಿವರಕ್ಕೆ ಹೋಗುವುದು ಬೇಡ.

ಆದರೆ ಅದೇ ಡನ್ ಲಿಯರಿಯ ಇನ್ನೊಂದು ದೋಣಿಯ ಕತೆಯನ್ನು ಹೇಳಲೇಬೇಕು. ಸ್ಕಾಟ್ಲೆಂಡ್‌ನ ಆಲ್ಫ್ರೆಡ್ ಮಿಲ್ನ್ 1902ರಲ್ಲಿ ವಿನ್ಯಾಸ ಮಾಡಿದ, 1903ರಿಂದ ಪಂದ್ಯದಲ್ಲಿದ್ದ ‘ಡಬ್ಲಿನ್ ಬೇ ಟ್ವೆಂಟಿ ಒನ್’ ಎಂಬ ಏಳು ದೋಣಿಗಳ ಗುಂಪು ಅದು. ನೋಡುವುದಕ್ಕೆ ಸೆವೆಂಟೀನ್‌ಗಿಂತ ದೊಡ್ಡದು, ಚೆಲುವಿನಲ್ಲಿಯೂ ಒಂದು ಕೈ ಮೇಲೇ ಎನ್ನಬೇಕು. ಅದೂ ಒಂದೇ ವಿನ್ಯಾಸದ್ದೇ. 1960ರ ದಶಕದ ಮೊದಲರ್ಧದಲ್ಲಿ ಅವುಗಳ ಮಾಲೀಕರು ಒಟ್ಟಾಗಿ ಕುಳಿತು, ಕಾಲಕ್ಕೆ ತಕ್ಕಂತೆ ಹೋಗೋಣವೆಂದು, ನಾಲ್ಕು ಮೂಲೆಯ ಹಳೆಯ ಹಾಯಿಯನ್ನು ಕೈಬಿಟ್ಟು ಎತ್ತರದ ಕೂವೆ ಮತ್ತು ತ್ರಿಕೋನ ಹಾಯಿಯನ್ನು ಹಾಕಿಸಿದರು. ಎತ್ತರದ ಕೂವೆಯನ್ನು ನೆಟ್ಟಗೆ ನಿಲ್ಲಿಸಲು ಉಕ್ಕಿನ ಹಗ್ಗಗಳನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಆ ಬಿಗಿತವೆಲ್ಲ ಒಡಲಿನ ಹಲಗೆಗಳ ಮೇಲೆ, ಅದರ ಕೀಲು-ಸಂದುಗಳ ಮೇಲೆ ಬೀಳುತ್ತದೆ. ಅರವತ್ತು ವರ್ಷದ ಮರದ ಒಡಲಿಗೆ ಅದು ಹೊರಲಾರದ ಹೊರೆ. ಹಲಗೆಗಳು ಸಡಿಲಗೊಂಡವು, ಸೋರಿಕೆ ಹೆಚ್ಚಿತು, ರಿಪೇರಿಯ ಖರ್ಚು ಏರಿತು. 1986ರ ಆಗಸ್ಟ್‌ನಲ್ಲಿ ಚಾರ್ಲಿ ಚಂಡಮಾರುತದ ಬಾಲ ಐರ್ಲೆಂಡ್‌ಗೆ ಬಡಿದಾಗ ಬಂದರಿನೊಳಗೇ ಎರಡು ದೋಣಿಗಳು ಮುಳುಗಿದವು. ಅಲ್ಲಿಗೆ ಪಂದ್ಯ ನಿಂತಿತು. ಉಳಿದ ದೋಣಿಗಳನ್ನೂ ಮುಳುಗಿದವುಗಳ ಅವಶೇಷವನ್ನೂ ದಕ್ಷಿಣದ ಆರ್ಕ್ಲೋ ಊರಿನ ಬಳಿ ಒಂದು ಹೊಲಮನೆಯ ಅಂಗಳಕ್ಕೆ ಸಾಗಿಸಿದರು. ಅವು ಅಲ್ಲಿ ಮೂರು ದಶಕಗಳ ಕಾಲ ಬಿಸಿಲು ಮಳೆಗೆ ಬಿದ್ದಿದ್ದವು. ಇತ್ತೀಚಿನ ವರ್ಷಗಳಲ್ಲಿ ಪಶ್ಚಿಮ ಕರಾವಳಿಯ ಕಿಲ್‌ರಶ್‌ನ ದೋಣಿ ಕಾರ್ಖಾನೆಯಲ್ಲಿ ಅವುಗಳಿಗೆ ಹೆಚ್ಚುಕಡಿಮೆ ಹೊಸ ಒಡಲನ್ನೇ ಕಟ್ಟಿ ಮತ್ತೆ ನೀರಿಗಿಳಿಸುತ್ತಿದ್ದಾರೆ. ಮೊದಲನೆಯದಾದ ‘ನನೀನ್’ 2019ರಲ್ಲಿ ಮರಳಿ ಬಂತು. ಗಮನಿಸಬೇಕಾದ ಸಂಗತಿ, ಹೊಸದಾಗಿ ಕಟ್ಟುವಾಗ ಆ ಎತ್ತರದ ಕೂವೆಯನ್ನು ಮತ್ತೆ ಹಾಕಲಿಲ್ಲ. ಒಂದೇ ಕೊಲ್ಲಿ, ಒಂದೇ ಗಾಳಿ, ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದು ಗುಂಪು ಹಾಯಿಯ ರೀತಿಯನ್ನು ಬದಲಿಸಿತು, ಇನ್ನೊಂದು ಬದಲಿಸಲಿಲ್ಲ. ಕೇವಲ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲವಾದರೂ, ಇದಕ್ಕಿಂತ ದೊಡ್ಡ ಕಾರಣವನ್ನು ಯಾರಾದರೂ ತೋರಿಸಿದರೆ ಒಪ್ಪಿಕೊಳ್ಳಲು ಸಿದ್ಧನಿದ್ದೇನೆ.

ಇನ್ನು ಹಣದ ಮಾತು. 1898ರ ಮೊದಲ ಮಾಲೀಕರು ಉಳ್ಳವರೇ ಆಗಿದ್ದರೆಂಬುದು ನಿಜ. ಆ ಕಾಲದಲ್ಲಿ ಹೋತ್‌ನ ಮೀನುಗಾರರು ವಿಹಾರಕ್ಕೆಂದು ದೋಣಿ ಕಟ್ಟಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಆದರೆ ಇಂದಿನ ಸ್ಥಿತಿ ಬೇರೆ. ಒಂದು ದೋಣಿಯಲ್ಲಿ ಇಬ್ಬರು ಮೂವರು ಪಾಲುದಾರರಿರುವುದು ಇಲ್ಲಿ ಸಾಮಾನ್ಯ. ಕೆಲವು ದೋಣಿಗಳು ಒಂದೇ ಮನೆತನದಲ್ಲಿ ತಲೆಮಾರುಗಳಿಂದ ಇವೆ. ಚಳಿಗಾಲದಲ್ಲಿ ದೋಣಿಯನ್ನು ಮೇಲೆತ್ತಿ ಕೊಟ್ಟಿಗೆಯಲ್ಲಿಟ್ಟು, ಬಣ್ಣ ಕೆರೆಯುವುದು, ಹೊಸ ಬಣ್ಣ ಬಳಿಯುವುದು, ವಾರ್ನಿಷ್ ಹಚ್ಚುವುದು ಮುಂತಾದವನ್ನು ಬಹಳಷ್ಟು ಮಂದಿ ರಜಾದಿನಗಳಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ವಸಂತದಲ್ಲಿ ಮೊದಲ ಬಾರಿಗೆ ನೀರಿಗಿಳಿಸಿದಾಗ ಒಣಗಿದ ಹಲಗೆಗಳ ಸಂದಿಯಿಂದ ನೀರು ಒಸರುತ್ತದೆ. ಕೆಲವು ದಿನ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರೆ ಮರ ನೀರು ಕುಡಿದು ಉಬ್ಬಿ ಸಂದಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನಮ್ಮೂರಿನ ಹೊಳೆಬಾಗಿಲಲ್ಲಿ ಮಳೆಗಾಲ ಕಳೆದು ದೋಣಿ ಇಳಿಸುವಾಗ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಹೊಸ ಫೈಬರ್ ವಿಹಾರದೋಣಿಯೊಂದನ್ನು ಕೊಂಡು, ಮೂರು ವರ್ಷಕ್ಕೊಮ್ಮೆ ಹೊಸ ಹಾಯಿ ಹೊಲಿಸಿ, ಐದಾರು ವರ್ಷಕ್ಕೊಮ್ಮೆ ದೋಣಿಯನ್ನೇ ಬದಲಿಸುವವರ ಖರ್ಚಿನ ಮುಂದೆ ಸೆವೆಂಟೀನ್‌ನ ಪಾಲುದಾರನ ಖರ್ಚು ಹೆಚ್ಚೇನಲ್ಲ. ಆದ್ದರಿಂದ ಶೋಕಿ ಎಂಬ ಮಾತನ್ನು ಲೇಖಕರು ಮರುಪರಿಶೀಲಿಸಬೇಕೆಂದು ವಿನಂತಿ.

ವಸ್ತುಸಂಗ್ರಹಾಲಯದ ಬಗ್ಗೆ ನನಗೆ ತಾತ್ಸಾರವಿಲ್ಲ. ಹೋತ್ ಬಂದರಿನ ಇತಿಹಾಸದಲ್ಲೇ ಅದಕ್ಕೊಂದು ಉದಾಹರಣೆಯಿದೆ. 1914ರ ಜುಲೈ 26ರ ಭಾನುವಾರ, ಲೇಖಕ ಎರ್ಸ್ಕಿನ್ ಚಿಲ್ಡರ್ಸ್ ತನ್ನ ‘ಆಸ್‌ಗಾರ್ಡ್’ ಎಂಬ ಹಾಯಿದೋಣಿಯಲ್ಲಿ ಐರಿಷ್ ಸ್ವಯಂಸೇವಕ ದಳಕ್ಕಾಗಿ ಸುಮಾರು ಒಂಬೈನೂರು ಬಂದೂಕುಗಳನ್ನು ತುಂಬಿಕೊಂಡು ಹಾಡಹಗಲೇ ಈ ಬಂದರಿಗೆ ತಂದಿಳಿಸಿದ. ಮುಂದಿನ ಸ್ವಾತಂತ್ರ್ಯ ಹೋರಾಟದಲ್ಲಿ ಆ ಬಂದೂಕುಗಳು ಬಳಕೆಯಾದವು. 1905ರಲ್ಲಿ ನಾರ್ವೆಯ ಕಾಲಿನ್ ಆರ್ಚರ್ ಕಟ್ಟಿದ ಆ ದೋಣಿ ಒಂದೇ ಒಂದು; ಅದರ ಜೊತೆಗಾರ ದೋಣಿಗಳಿಲ್ಲ. ರಾಷ್ಟ್ರದ ಚರಿತ್ರೆಗೆ ಸಾಕ್ಷಿಯಾದ ಆ ಮರವನ್ನು ಇನ್ನೊಮ್ಮೆ ಅಲೆಗೆ ಒಡ್ಡುವ ಬದಲು ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಿಟ್ಟಿರುವುದು ಸರಿಯಾದ ನಿರ್ಧಾರವೇ. ಅದನ್ನು ನೋಡಲು ಹೋದವರು ಒಡಲಿನ ಪ್ರತಿ ಹಲಗೆಯನ್ನೂ ನಿಧಾನವಾಗಿ ಪರಿಶೀಲಿಸಬಹುದು. ಆದರೆ ಆ ದೋಣಿಯನ್ನು ಗಾಳಿಗೆ ಹೇಗೆ ತಿರುಗಿಸಬೇಕು, ಯಾವ ಹಗ್ಗವನ್ನು ಎಷ್ಟು ಸಡಿಲಿಸಬೇಕು ಎಂಬ ತಿಳಿವಳಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಹೋತ್‌ನಲ್ಲಿ ಮಂಗಳವಾರದ ಸಂಜೆ ಆ ಮೇಲಿನ ಹಾಯಿಯನ್ನು ಏರಿಸುವ ಹದಿನಾರರ ಹುಡುಗಿಗೆ ಗೊತ್ತಿರುವುದು ಆ ತಿಳಿವಳಿಕೆ.

ಬಳಕೆಯಲ್ಲಿರುವ ದೋಣಿಗೆ ಅಪಾಯವೂ ಹೆಚ್ಚೆಂಬುದನ್ನು ಅಲ್ಲಗಳೆಯಲಾಗದು. ಆದರೂ ಸೆವೆಂಟೀನ್‌ಗಳಿಗೆ ಬಂದೊದಗಿದ ದೊಡ್ಡ ಆಪತ್ತು ನೀರಿನ ಮೇಲೆ ಬಂದದ್ದಲ್ಲ. 2018ರ ಮಾರ್ಚ್ ಆರಂಭದಲ್ಲಿ, ಎಮ್ಮಾ ಎಂಬ ಬಿರುಗಾಳಿ ಪೂರ್ವದಿಕ್ಕಿನಿಂದ ಹಿಮವನ್ನೂ ದೈತ್ಯ ಅಲೆಗಳನ್ನೂ ಹೊತ್ತು ತಂದಾಗ, ಹೋತ್‌ನ ಪೂರ್ವ ಕಟ್ಟೆಯ ಮೇಲಿನ ಕೊಟ್ಟಿಗೆಯಲ್ಲಿ ಚಳಿಗಾಲಕ್ಕೆಂದು ಒತ್ತೊತ್ತಾಗಿ ಇರಿಸಿದ್ದ ದೋಣಿಗಳ ಮೇಲೆ ಕಟ್ಟಡವೇ ಕುಸಿಯಿತು. ಏಳು ದೋಣಿಗಳು ಜಖಂಗೊಂಡವು. ಅವುಗಳಲ್ಲಿ ‘ಅನಿಟಾ’ ಎಂಬುದು ದೋಣಿ ಎನ್ನಲಾಗದಷ್ಟು ನುಜ್ಜುಗುಜ್ಜಾಯಿತು. ಸುರಕ್ಷಿತವೆಂದು ನಾಲ್ಕು ಗೋಡೆಯೊಳಗೆ ಇಟ್ಟದ್ದೇ ಅವುಗಳಿಗೆ ಮುಳುವಾಯಿತು. ಬೇರೆಡೆ ಇದ್ದ ದೋಣಿಗಳು ಆ ವರ್ಷವೂ ಪಂದ್ಯ ನಡೆಸಿದವು. ಪೆಟ್ಟಾದವು ಒಂದೊಂದಾಗಿ ರಿಪೇರಿಯಾಗಿ ಬಂದವು. ಅನಿಟಾ ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ, ದೋಣಿ ಕಟ್ಟುವ ಕಸುಬನ್ನು ಕಲಿಸುವ ಶಾಲೆಯೊಂದರಲ್ಲಿ ಮರುಹುಟ್ಟು ಪಡೆಯಿತು. ಅಲ್ಲಿನ ಎಳೆಯ ಬಡಗಿಗಳಿಗೆ ಅದೊಂದು ಪಾಠವೂ ಆಯಿತು.

ಇಷ್ಟೆಲ್ಲ ಹಲಗೆ ಬದಲಾದ ಮೇಲೆ ಅದು ಹಳೆಯ ದೋಣಿಯೇ ಹೇಗಾದೀತು ಎಂದು ಓದುಗರಲ್ಲಿ ಕೆಲವರು ಕೇಳಬಹುದು. ನಮ್ಮ ಊರಿನ ದೇವಸ್ಥಾನದ ರಥದ ಗಾಲಿ, ಅಚ್ಚು, ತೊಲೆಗಳು ಎಷ್ಟೋ ಬಾರಿ ಬದಲಾಗಿವೆ. ಅಳತೆ ತಪ್ಪಿಸದೆ ಕಟ್ಟಿದ್ದರಿಂದ ಅದನ್ನು ಯಾರೂ ಹೊಸ ರಥವೆಂದು ಕರೆದಿಲ್ಲ. ಹೋತ್‌ನವರ ನಿಲುವೂ ಅದೇ. ಅವರ ಬಳಿ ಬಾಯ್ಡ್ ಅವರ ನಕ್ಷೆಯಿದೆ, ಒಡಲಿನ ಅಡ್ಡ ಕೊಯ್ತದ ಅಳತೆಗಳಿವೆ. ಮುರಿದ ದೋಣಿಯನ್ನು ಅದರ ಮೇಲಿಟ್ಟು ನೋಡಿ ಎಲ್ಲಿ ಎಷ್ಟು ಸರಿಯಬೇಕೆಂದು ಹೇಳಬಲ್ಲರು. ಫ್ರಾನ್ಸ್‌ನ ವಿದ್ಯಾರ್ಥಿಗಳು ಹಿಂದೆಂದೂ ಕಂಡಿರದ ದೋಣಿಯನ್ನು ಕಟ್ಟಲು ಸಾಧ್ಯವಾದದ್ದು ಕಾಗದದ ಮೇಲೆ ಆ ಗೆರೆಗಳು ಇದ್ದುದರಿಂದ.

ಈ ಕಾರಣಕ್ಕಾಗಿಯೇ ನಿಮ್ಮ ಲೇಖನ ಎತ್ತಿದ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಕರಾವಳಿಯ ಪಾತಿ ದೋಣಿ, ರಂಪಣಿ ದೋಣಿಗಳು ಪಂದ್ಯದ ದೋಣಿಗಳಲ್ಲ, ಹೊಟ್ಟೆಪಾಡಿನ ದೋಣಿಗಳು. ರಂಪಣಿ ಬಲೆಯೇ ಹಿಂದೆ ಸರಿದ ಮೇಲೆ ಅದರ ದೋಣಿ ಉಳಿಯಬೇಕೆಂದು ಹಂಬಲಿಸುವುದು ಕಷ್ಟ. ಮೀನುಗಾರನಿಗೆ ಫೈಬರ್ ದೋಣಿ ಅಗ್ಗವೂ ಹಗುರವೂ ಆಗಿರುವಾಗ ಮರದ್ದನ್ನೇ ಇಟ್ಟುಕೊಳ್ಳೆಂದು ದಡದಲ್ಲಿ ಕುಳಿತವರು ಉಪದೇಶ ಮಾಡುವುದೂ ತರವಲ್ಲ. ಹೋತ್‌ನ ಮಾದರಿಯನ್ನು ಹಾಗೆಯೇ ಎತ್ತಿ ತಂದು ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ನೆಡಲು ಬರುವುದಿಲ್ಲ. ಆದರೆ ಒಂದು ಕೆಲಸವನ್ನು ಮಾಡಬಹುದು. ನಮ್ಮ ದೋಣಿ ಕಟ್ಟುವ ಆಚಾರಿಗಳು ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಕೈಯಳತೆಯ ಮೇಲೆ ಕಟ್ಟುತ್ತಾ ಬಂದವರು. ಅವರಲ್ಲಿ ಉಳಿದಿರುವ ಕೆಲವರಿಗೆ ವಯಸ್ಸಾಗಿದೆ. ಅವರ ಎದುರಿನಲ್ಲೇ, ಉಳಿದಿರುವ ಒಂದೊಂದು ಬಗೆಯ ದೋಣಿಯನ್ನು ಅಳೆದು, ಒಡಲಿನ ಗೆರೆಗಳನ್ನು ಕಾಗದಕ್ಕಿಳಿಸಿ, ಯಾವ ಮರ, ಯಾವ ಹುರಿ, ಯಾವ ಎಣ್ಣೆ ಎಂಬುದನ್ನು ಬರೆದಿಟ್ಟರೆ, ಮುಂದೆಂದಾದರೂ ಊರ ಹಬ್ಬದ ಹುಟ್ಟಿನ ಪಂದ್ಯಕ್ಕಾದರೂ ನಾಲ್ಕು ಮಂದಿ ಸೇರಿ ಅದೇ ಅಳತೆಯ ದೋಣಿಯನ್ನು ಕಟ್ಟಿಸಬಹುದು. ಬರೀ ಒಡಲನ್ನು ತಂದು ಕಟ್ಟಡದೊಳಗೆ ನಿಲ್ಲಿಸಿದರೆ ಈ ಕೆಲಸ ಆದಂತಾಗುವುದಿಲ್ಲ.

ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಂದು ರಜೆಯ ಕೆಲಸ. ತಮ್ಮ ಜಿಲ್ಲಾ ವರದಿಗಾರರು, ಕಾರವಾರದಿಂದ ಉಳ್ಳಾಲದವರೆಗೆ ಇನ್ನೂ ಮರದ ದೋಣಿ ಕಟ್ಟಬಲ್ಲ ಆಚಾರಿಗಳು ಯಾವ ಯಾವ ಊರಿನಲ್ಲಿದ್ದಾರೆಂಬುದನ್ನು, ಅವರ ಒಪ್ಪಿಗೆ ಪಡೆದು, ವಿಚಾರಿಸಿ ಪ್ರಕಟಿಸಿದರೆ ಆಸಕ್ತರು ಅಲ್ಲಿಂದ ಮುಂದುವರಿಯಬಹುದು. ಅಳತೆ ಹಿ​ಡಿಯುವ ವಿಧಾನದ ಬಗ್ಗೆ ಇಲ್ಲಿನ ದೋಣಿಯವರಿಂದ ಕೇಳಿ ತಿಳಿದು ಬರೆದು ಕಳುಹಿಸುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಡಬ್ಲಿನ್‌ನಲ್ಲಿರುವ ಒಬ್ಬ ಓದುಗ